ಕರೆಂಟ್ ಮರಿಸ್ವಾಮಿಯ ಮುಂದಿನ ಹಲ್ಲು

ಮರಿಸ್ವಾಮಿಯ ಮುಂದಿನ ಹಲ್ಲು ಮುರಿದದ್ದು ಆಷಾಢದ ನಟ್ಟನಡುವೆ. ನಂಜನಗೂಡಿನ ಸಬ್‌ಸ್ಟೇಷನ್ನಿನ ಗೋಡೆಯ ಮೇಲೆ ‘ತಂತಿಯನ್ನು ಹಲ್ಲಿನಿಂದ ಸುಲಿಯಬಾರದು’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದವನು ಅವನೇ. ಆ ಬರಹದ ಕೆಳಗೇ ನಿಂತು, ಸುಲಿಯಲು ಹೋಗಿ, ಮುರಿದುಕೊಂಡವನೂ ಅವನೇ.

ಬೇರೆ ಯಾರದಾದರೂ ಆಗಿದ್ದರೆ ಹೋದರೆ ಹೋಯಿತು ಎನ್ನಬಹುದಿತ್ತು. ಮರಿಸ್ವಾಮಿಗೆ ಹೆಂಡತಿ ಸಿಕ್ಕಿದ್ದೇ ಹಲ್ಲುಗಳಿಂದ. ನರಸೀಪುರದ ಗುರುಬಸಮ್ಮ ತನ್ನ ಮಗಳು ಹೇಮಲತಾಳನ್ನು ನೋಡಲು ಬಂದ ಮೊದಲ ಗಂಡಿಗೆ ಹಲ್ಲು ಉಬ್ಬು ಎಂದಿದ್ದಳು, ಎರಡನೆಯವನಿಗೆ ಹಲ್ಲು ಹಳದಿ ಎಂದಿದ್ದಳು. ಮೂರನೆಯವನಾಗಿ ಬಂದ ಮರಿಸ್ವಾಮಿ ಸಂಕೋಚದಿಂದ ಒಮ್ಮೆ ನಕ್ಕಿದ್ದೇ ತಡ, “ಮುಸುಕಿನ ಜ್ವಾಳ ಜೋಡ್ಸಿದಂಗದೆ ಕಣವ್ವ!” ಎಂದು ಅಲ್ಲೇ ತಾಂಬೂಲದ ತಟ್ಟೆ ತರಿಸಿದ್ದಳು. ಮದುವೆಯಾಗಿ ಎರಡು ತಿಂಗಳಿಗೆ ಆಷಾಢ ಬಂತು. ಪದ್ಧತಿಯಂತೆ ಹೊಸ ಸೊಸೆ ತವರಿಗೆ ಹೋದಳು; ಅಳಿಯ ಅತ್ತೆಮನೆಯ ಹೊಸಿಲು ತುಳಿಯುವಂತಿಲ್ಲ. ಈಗ ಶ್ರಾವಣ. ಈ ಶುಕ್ರವಾರ ಮಧ್ಯಾಹ್ನ ಅಳಿಯ ಅಲ್ಲಿ ಹೋಳಿಗೆ ಊಟ ಉಂಡು, ಸಂಜೆಯ ಬಸ್ಸಿಗೆ ಹೆಂಡತಿಯನ್ನು ಕರೆತರಬೇಕು.

“ನಿಮ್ ನಗು ನೋಡಿ ಒಂದ್ ತಿಂಗಳಾಯ್ತು ಕಣ್ರೀ,” ಎಂದು ಹೇಮಲತಾ ಫೋನಿನಲ್ಲಿ ಹೇಳಿದಾಗ ಮರಿಸ್ವಾಮಿ ಈಚೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದ. ಹಲ್ಲಿನ ಸಮಾಚಾರವನ್ನು ಅವಳಿಗೆ ಹೇಳುವ ಧೈರ್ಯವಾಗಿರಲಿಲ್ಲ.

ಅದು ಎರಡು ಸಾವಿರದ ಮೂರನೆಯ ಇಸವಿ. ಮಳೆ ಕೈಕೊಟ್ಟು ಕರೆಂಟಿಗೆ ತತ್ವಾರ. ನಂಜನಗೂಡು, ನರಸೀಪುರ ಎರಡಕ್ಕೂ ಒಟ್ಟಿಗೆ ಕೊಡುವಷ್ಟು ಕರೆಂಟಿಲ್ಲದೆ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಂಜನಗೂಡಿಗೆ ಕತ್ತರಿ, ಒಂದರಿಂದ ನಾಲ್ಕರವರೆಗೆ ನರಸೀಪುರಕ್ಕೆ ಕತ್ತರಿ ಎಂದು ಗೊತ್ತುಮಾಡಿದ್ದರು. ನಂಜನಗೂಡಿನಲ್ಲಿ ಆ ಕತ್ತರಿ ಹಿಡಿದಿದ್ದವನು ಮರಿಸ್ವಾಮಿ. ಯಾರು ಗೋಗರೆದರೂ ಒಂದೇ ಮಾತು: “ಶೆಡ್ಯೂಲ್ ಅಂದ್ರೆ ಶೆಡ್ಯೂಲ್.”

ಶುಕ್ರವಾರ ಬೆಳಿಗ್ಗೆ ಕರೆಂಟಿರುವಾಗಲೇ ಹಲ್ಲಿನ ಕೆಲಸ ಮುಗಿಸಿಕೊಳ್ಳೋಣವೆಂದು ಅವನು ಬೇಗನೆ ಹೊರಟಿದ್ದ. ಆದರೆ ಡಾಕ್ಟರ್ ರಂಜಿನಿಯ ಕ್ಲಿನಿಕ್ ಇದ್ದದ್ದು ನಂಜುಂಡಸ್ವಾಮಿಯ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ಬುಡದಲ್ಲೇ ನಂಜುಂಡಸ್ವಾಮಿ ಅಡ್ಡ ಬಂದ.

“ಸಾ, ಇವತ್ತೊಂದಿನ ಒಂದರ್ಧ ಗಂಟೆ ಜಾಸ್ತಿ ಬುಡಿ ಸಾ. ಶ್ರಾವಣದ ಮೊದಲ್ನೇ ಶುಕ್ರವಾರ. ಎಂಗಸ್ರು ಡಬ್ಬ ಇಡ್ಕಂಡು ಸಾಲಾಗ್ ನಿಂತವ್ರೆ.”

ಮರಿಸ್ವಾಮಿ ಸುಮ್ಮನೆ ಮೇಲೆ ಹತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ನಿಂತ. ನಿಯಮ ಎಂದರೇನು, ನಿಯಮವಿಲ್ಲದಿದ್ದರೆ ದೇಶ ಏನಾಗುತ್ತದೆ ಎಂದು ಭಾಷಣ ಬಿಗಿದ. ಡಬ್ಬ ಹಿಡಿದ ಹೆಂಗಸರೂ ಕೇಳಲಿ ಎಂದು ದನಿ ಎತ್ತಿದ. ಭಾಷಣ ಮುಗಿದಾಗ ಹತ್ತಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು.

“ಹಲ್ಲಿನ ಬೇರಿನ ಒಳಗೆ ಈ ಫೈಬರ್ ಕಡ್ಡಿ ನಿಲ್ಲಿಸಿ ಸಿಮೆಂಟ್ ಹಾಕ್ತೀನಿ. ಅದರ ಮೇಲೆ ಹೊಸ ಹಲ್ಲು,” ಎಂದು ರಂಜಿನಿ ಬೆಳ್ಳನೆಯ ಸಣ್ಣ ಕಡ್ಡಿಯನ್ನು ತೋರಿಸಿದಳು. “ನೀಲಿ ಲೈಟ್ ಬಿಟ್ಟರೆ ಅರ್ಧ ನಿಮಿಷಕ್ಕೆ ಕಲ್ಲು. ಅಲ್ಲಿವರೆಗೂ ಬೆಣ್ಣೆ.”

ಕಡ್ಡಿ ನಿಂತಿತು, ಹಲ್ಲು ಕೂತಿತು. ರಂಜಿನಿ ಲೈಟಿನ ಪಿಸ್ತೂಲನ್ನು ಎತ್ತಿ ಗುರಿಯಿಟ್ಟಳು. ಅಷ್ಟರಲ್ಲಿ ಕೆಳಗೆ ಗಿರಣಿಯ ಸದ್ದು ಗೊರಗೊರ ಎಂದು ನಿಂತಿತು. ಫ್ಯಾನ್ ನಿಂತಿತು. ಪಿಸ್ತೂಲಿನಲ್ಲಿ ಬೆಳಕಿಲ್ಲ. ಗಡಿಯಾರದಲ್ಲಿ ಸರಿಯಾಗಿ ಹತ್ತು ಗಂಟೆ.

“ಬೆರಳಿಟ್ಟು ಒತ್ತಿ ಹಿಡ್ಕೊಳ್ಳಿ! ಅಲುಗಿಸಬೇಡಿ, ಎಂಜಲು ತಾಗಿಸಬೇಡಿ!” ಎಂದು ರಂಜಿನಿ ಕೂಗಿದಳು. ಮರಿಸ್ವಾಮಿ ಬಲಗೈ ಹೆಬ್ಬೆರಳನ್ನು ಹಲ್ಲಿಗೆ ಆನಿಸಿದ. “ನನ್ನ ಯು.ಪಿ.ಎಸ್. ರಿಪೇರಿಗೆ ಹೋಗಿದೆ. ಕಿತ್ತುಬಿಡ್ತೀನಿ, ನಾಳೆ ಮೊದಲಿಂದ ಮಾಡೋಣ,” ಎಂದಳು ರಂಜಿನಿ.

ಮರಿಸ್ವಾಮಿ ಕುರ್ಚಿಯಲ್ಲೇ ಹೌಹಾರಿದ. ನಾಳೆ ಹಲ್ಲು ಬಂದು ಏನು ಪ್ರಯೋಜನ? ಎಡಗೈಯಲ್ಲಿ ಟೇಬಲ್ಲಿನ ಮೇಲಿದ್ದ ಫೋನ್ ಎಳೆದುಕೊಂಡು ಸಬ್‌ಸ್ಟೇಷನ್ನಿಗೆ ಹಚ್ಚಿದ. ಅಲ್ಲಿದ್ದವನು ಅವನದೇ ಕೈಕೆಳಗಿನ ರವಿಕುಮಾರ್.

“ಅವೀ! ಆನು ಅಯಿಸ್ವಾಯಿ! ಅಯೆಂಟ್ ಓಡು!”

“ಯಾರ್ಲಾ ಅದು, ಬೆಳಿಗ್ ಬೆಳಿಗ್ಗೆನೇ ಏರಿಸ್ಕಂಡಿರಾದು?”

ರಂಜಿನಿ ಫೋನ್ ಕಿತ್ತುಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿದಳು.

“ಡಾಕ್ಟ್ರು ಅಂತ ಏಳ್ಕಂಡು ದಿನಕ್ಕೆ ನಾಕ್ ಜನ ಮಾಡ್ತಾರೆ ಮೇಡಂ,” ಎಂದ ರವಿಕುಮಾರ್. “ನಮ್ ಸಾಹೇಬ್ರು ಏಳೇ ಓಗವ್ರೆ. ಯಾರ್ ಮಾಡುದ್ರೂ ಕೊಡಬ್ಯಾಡ, ಸಾಕ್ಷಾತ್ ನಾನೇ ಮಾಡುದ್ರೂ ಕೊಡಬ್ಯಾಡ ಅಂತ. ಶೆಡ್ಯೂಲ್ ಅಂದ್ರೆ ಶೆಡ್ಯೂಲ್.” ಫೋನ್ ಕುಕ್ಕಿದ ಸದ್ದಾಯಿತು.

ಶಿಷ್ಯನ ನಿಷ್ಠೆಗೆ ಹೆಮ್ಮೆಪಡಬೇಕೋ ಅಳಬೇಕೋ ಮರಿಸ್ವಾಮಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ರಂಜಿನಿಗೇ ಹೊಳೆಯಿತು. ದಿನಾ ಮಧ್ಯಾಹ್ನ ಅವಳು ಕೂರುವುದು ನರಸೀಪುರದ ಕ್ಲಿನಿಕ್ಕಿನಲ್ಲಿ. ಅಲ್ಲಿ ಒಂದು ಗಂಟೆಯವರೆಗೂ ಕರೆಂಟುಂಟು. ಒಂದರೊಳಗೆ ತಲುಪಿದರೆ ಹಲ್ಲು ಉಳಿಯಿತು. ಹೇಗಿದ್ದರೂ ಅತ್ತೆಮನೆಯೂ ಅಲ್ಲೇ. ಮರಿಸ್ವಾಮಿ ಹೆಬ್ಬೆರಳಿನ ಸಂದಿಯಲ್ಲೇ ನಕ್ಕ.

ಕೆಳಗೆ ನಂಜುಂಡಸ್ವಾಮಿ ಗಲ್ಲಕ್ಕೆ ಕೈಕೊಟ್ಟು, ನಿಂತುಹೋದ ಗಿರಣಿಯನ್ನು ನೋಡುತ್ತ ಕೂತಿದ್ದ. ಬೆರಳು ಚೀಪುತ್ತ ಇಳಿದು ಬಂದ ಸಾಹೇಬನನ್ನು ಕಂಡು ಎದ್ದು ನಿಂತ. ರಂಜಿನಿಯಿಂದ ಸಂಗತಿ ತಿಳಿದ ಮೇಲೆ ಅವನ ಮುಖದಲ್ಲಿ ಕನಿಕರವೂ ಬೇರೇನೋ ಒಂದೂ ಒಟ್ಟಿಗೆ ಮೂಡಿದವು.

“ಕರೆಂಟ್ ಇಲ್ದಲೆ ನಿಮ್ ಅಲ್ಲು ಓಯ್ತದಾ? ಛೆ ಛೆ! ನೀವ್ ಓಗ್ಬನ್ನಿ ಸಾ. ಇಲ್ಲಿದ್ ನಂಗ್ ಬುಡಿ.”

ತಡವಾಗಿ ಬಂದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟೇನೋ ಸಿಕ್ಕಿತು. ಹಿಂದಿನ ಸೀಟಿನಲ್ಲಿ ರಂಜಿನಿ ಕೂತು ಕಾವಲು ಕಾಯುತ್ತಿದ್ದಳು. ಕಂಡಕ್ಟರ್ ಬಂದು ಮರಿಸ್ವಾಮಿಯನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ, ಬೆಟ್ಟು ಚೀಪೋರ್ಗೆ ಅರ್ಧ ಟಿಕೆಟ್ಟಾ?” ಎಂದ. ಬಸ್ಸೆಲ್ಲ ಗೊಳ್ಳೆಂದಿತು. ನಗದೆ ಇದ್ದವನೆಂದರೆ ಪಕ್ಕದಲ್ಲಿದ್ದ ಬದನವಾಳಿನ ಗಾರೆ ಚನ್ನಯ್ಯ ಒಬ್ಬನೇ. ಹಲ್ಲಿಗೆ ಸಿಮೆಂಟ್ ಹಾಕಿದ್ದಾರೆಂದು ಕೇಳಿ ಅವನ ಕಸುಬಿನ ಪ್ರಜ್ಞೆ ಜಾಗೃತವಾಗಿತ್ತು.

“ಅಂಗಾರೆ ಈ ಬೆಟ್ಟು ಸಿಮೆಂಟ್ ಬೀಳ್ದಂಗೆ ಕೊಡೋ ಸೆಂಟ್ರಿಂಗ್ ಅನ್ನಿ. ಸರಿಯಾಗೇ ಕೊಟ್ಟಿದ್ದೀರಿ. ನೀರ್ ಕುಡ್ಸುದ್ರಾ?”

ಮರಿಸ್ವಾಮಿ ಇಲ್ಲವೆಂದು ತಲೆಯಾಡಿಸಿದ.

“ನೀರ್ ಕುಡುಸ್ದೆ ಓದ್ರೆ ಬಿರುಕ್ ಬುಡ್ತದೆ ಸಾ! ನಾನ್ ಕಟ್ಟಿರೋ ತೊಟ್ಟಿ ಒಂದಾದ್ರೂ ಸೋರ್ತದಾ ಕೇಳಿ,” ಎನ್ನುತ್ತ ಚನ್ನಯ್ಯ ಚೀಲದಿಂದ ನೀರಿನ ಬಾಟಲಿ ತೆಗೆದು ಮರಿಸ್ವಾಮಿಯ ಬಾಯಿಗೇ ತಂದ.

“ನೀರು ಬಿದ್ದರೆ ಎಲ್ಲಾ ಹಾಳು!” ರಂಜಿನಿ ಹಿಂದಿನಿಂದ ಬಾಟಲಿಗೆ ಕೈಹಾಕಿದಳು.

“ಮೂವತ್ ವರ್ಷದಿಂದ ಸಿಮೆಂಟ್ ಕಲ್ಸಿವ್ನಿ ಕಣವ್ವ, ನಂಗೇ ಏಳ್ಕೊಡ್ತೀಯಾ?”

ಇಬ್ಬರ ಎಳೆದಾಟದಲ್ಲಿ ನೀರು ಮರಿಸ್ವಾಮಿಯ ಇಸ್ತ್ರಿ ಶರಟಿನ ಮೇಲೆ ಸುರಿಯಿತು. ಹೆಬ್ಬೆರಳು ಮಾತ್ರ ಅಲುಗಲಿಲ್ಲ. ಅತ್ತೆಮನೆಯ ಹೊಸಿಲು, ಹೇಮಲತಾಳ ಮುಖ, ತಾನು ಬಾಯ್ತುಂಬ ನಗುವುದು, ಇಷ್ಟನ್ನೇ ನೆನೆಯುತ್ತ ಅವನು ಕಣ್ಣು ಮುಚ್ಚಿ ಕೂತ.

ನರಸೀಪುರದ ಕ್ಲಿನಿಕ್ಕಿನಲ್ಲಿ ತಿರುಗುವ ಫ್ಯಾನ್ ಕಂಡಾಗ ಅವನಿಗೆ ದೇವರನ್ನೇ ಕಂಡಂತಾಯಿತು. ಗಡಿಯಾರದಲ್ಲಿ ಹನ್ನೆರಡೂವರೆ. ಇನ್ನೂ ಅರ್ಧ ಗಂಟೆ ನಿಶ್ಚಿಂತೆ. ಶೆಡ್ಯೂಲ್ ಎಂಬುದನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದ. ರಂಜಿನಿ ಬೆರಳು ತೆಗೆಸಿದಳು, ಹತ್ತಿಯಿಂದ ಒರೆಸಿದಳು, ಪಿಸ್ತೂಲು ಹಿಡಿದಳು. ಚೆಂದದ ನೀಲಿ ಬೆಳಕು ಚಿಮ್ಮಿತು.

ಚಿಮ್ಮಿ, ಆರಿತು. ಫ್ಯಾನ್ ನಿಧಾನವಾಯಿತು. ಹೆಬ್ಬೆರಳು ತಾನಾಗಿಯೇ ಹೋಗಿ ಹಲ್ಲಿನ ಮೇಲೆ ಕೂತಿತು.

“ಇನ್ನೂ ಒಂದಾಗಿಲ್ಲವಲ್ಲ!” ಎಂದು ರಂಜಿನಿ ಗಡಿಯಾರ ನೋಡುತ್ತಿದ್ದಂತೆ ಫೋನ್ ಬಡಿದುಕೊಂಡಿತು. ಎತ್ತಿ ಮರಿಸ್ವಾಮಿಯ ಕಿವಿಗೆ ಹಿಡಿದಳು.

“ಸಾ! ನಾನ್ ರವಿ ಸಾ!” ಹುಡುಗನ ದನಿ ಸಂತೋಷಕ್ಕೆ ನಡುಗುತ್ತಿತ್ತು. “ಬೆಳಿಗ್ಗೆ ಫೋನ್ ಮಾಡಿದ್ದು ನೀವೇ ಅಂತ ಗೊತ್ತಾಗ್ನಿಲ್ಲ ಸಾ, ಬೈಕಬ್ಯಾಡಿ. ಗಿರಣಿ ನಂಜುಂಡಸ್ವಾಮಿ ಬೀದಿ ಜನಾನೆಲ್ಲ ಕಟ್ಕಂಡ್ ಬಂದು, ನಿಮ್ ಸಾಹೇಬ್ರು ಅಲ್ಲು ಇಡ್ಕಂಡ್ ಗಿರಣಿ ಮ್ಯಾಲ್ಗಡೆ ಕುರ್ಚೀಲಿ ಕೂತವ್ರೆ, ನಿಂಗೇನ್ ಕರುಳು ಇಲ್ವಾ ಅಂತ ಅತ್ಬುಟ್ಟ. ತಡ್ಯಕಾಗ್ನಿಲ್ಲ ಸಾ. ನರಸೀಪುರದೋರ್ನ ಕಾಡಿ ಬೇಡಿ ಒಪ್ಪಿಸ್ದೆ. ಅವ್ರದ್ ಈಗ್ಲೇ ಕಿತ್ತು, ನಂಜನಗೂಡ್ಗೆ ಕೊಟ್ಬುಟ್ಟಿವ್ನಿ! ಇಲ್ಲಿನ್ ಕ್ಲಿನಿಕ್ಗೆ ಮಾಡುದ್ರೆ, ನೀವ್ ಆಗ್ಲೇ ನರಸೀಪುರದ್ ಕ್ಲಿನಿಕ್ಗೆ ಓದ್ರಿ ಅಂತ ನರ್ಸಮ್ಮ ಅಂದ್ರು. ಇಷ್ಟ್ ಬ್ಯಾಗ ಓಗ್ಬುಟ್ರಾ? ಅಲ್ಲು ಗಟ್ಟಿ ಆಯ್ತಾ ಸಾ?”

“ಆಪಸ್ ಓಡೋ! ಅಯ್ಯೋ, ಆಪಸ್ ಓಡೋ!”

“ವಾಪಸ್ಸಾ? ಆಗಕಿಲ್ಲ ಸಾ. ಒಂದ್ಸಲ ಕಿತ್ ಮ್ಯಾಲೆ ಮೂರ್ ಗಂಟೆ ಮುಟ್ಟಂಗಿಲ್ಲ. ನೀವೇ ಕಲ್ಸಿದ್ದಲ್ವಾ? ಶೆಡ್ಯೂಲ್ ಅಂದ್ರೆ ಶೆಡ್ಯೂಲ್.”

ರಂಜಿನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, “ಹೀಗೇ ಹಿಡ್ಕೊಂಡು ಅತ್ತೆಮನೆಗೆ ಹೋಗಿ, ಏನೂ ತಿನ್ನದೆ ಕೂತಿರಿ. ಕರೆಂಟ್ ಬಂದ ತಕ್ಷಣ ಬನ್ನಿ,” ಎಂದು ಕಳಿಸಿದಳು.

ದಾರಿಯುದ್ದಕ್ಕೂ ಮರಿಸ್ವಾಮಿ ಉಪಾಯ ಹೂಡಿದ. ಹಿತ್ತಿಲಿನಿಂದ ಹೋಗುವುದು, ಹೇಮಲತಾಳನ್ನು ಸನ್ನೆ ಮಾಡಿ ಕರೆಯುವುದು, ಅತ್ತೆಗೆ ಹಲ್ಲುನೋವು ಎಂದು ಹೇಳಿಸುವುದು. ಆದರೆ ಬೀದಿ ತಿರುಗುವಷ್ಟರಲ್ಲೇ ಗುರುಬಸಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮಿಕ್ಸಿಯ ಜಾರು, ಜಾರಿನಲ್ಲಿ ಅರ್ಧ ರುಬ್ಬಿದ ಹೋಳಿಗೆಯ ಹೂರಣ. ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು:

“ಒಂದ್ ಗಂಟೆಗ್ ತಗ್ಯೋ ಕರೆಂಟ್ನ ಈಗ್ಲೇ ಕಿತ್ತವ್ನಲ್ಲ! ಅಳಿಯ ಬರೋ ಒತ್ತಲ್ಲಿ ಇಂಗ್ ಮಾಡುದ್ನಲ್ಲ! ಅದ್ಯಾವನೋ, ಅವನ ಅಲ್ಲು ಉದ್ರೋಗ!”

ಹಾಗೆಂದವಳೇ ಅಳಿಯನನ್ನು ಕಂಡಳು. ಮುಖ ಅರಳಿತು. “ಓಹೋ, ಬನ್ನಿ ಅಳಿಯಂದ್ರೇ, ಬನ್ನಿ!”

ಹಿರಿಯರು ಎದುರಾದರೆ ಎರಡೂ ಕೈ ಜೋಡಿಸುವುದನ್ನು ಮರಿಸ್ವಾಮಿಗೆ ಚಿಕ್ಕಂದಿನಿಂದ ಕಲಿಸಿದ್ದರು. ಜೋಡಿಸಿದ. ಬಗ್ಗಿ ನಮಸ್ಕಾರ ಮಾಡಿದ. ಹೊಸಿಲಿನ ಅರಿಶಿನ ಕುಂಕುಮದ ಮೇಲೆ ಟಕ್ಕೆಂದು ಏನೋ ಬಿತ್ತು. ಹಲ್ಲು, ಫೈಬರ್ ಕಡ್ಡಿಯ ಸಮೇತ.

ಗುರುಬಸಮ್ಮ ಹಲ್ಲನ್ನು ನೋಡಿದಳು, ಅಳಿಯನ ಬಾಯಿಯ ಸಂದನ್ನು ನೋಡಿದಳು. ಜಾರನ್ನು ಹೊಸಿಲ ಪಕ್ಕಕ್ಕೆ ಇಟ್ಟಳು. ಹಿಂದೆ ಓಡಿಬಂದ ಹೇಮಲತಾ ಗಂಡನ ಬಾಯಿ ನೋಡಿ ಸೆರಗು ಬಾಯಿಗೆ ತುರುಕಿಕೊಂಡಳು. ಆದರೂ ನಗು ಕೇಳಿಯೇ ಕೇಳಿಸಿತು. ಒಂದು ತಿಂಗಳಿಂದ ಕಾದಿದ್ದ ಆ ನಗು ಕೇಳಿ ಮರಿಸ್ವಾಮಿಗೂ ನಗು ಬಂದುಬಿಟ್ಟಿತು. ಬಾಯ್ತುಂಬ, ಸಂದಿಯ ಸಮೇತ ನಕ್ಕ.

“ಅಯ್ಯೋ ಶಿವನೇ!” ಗುರುಬಸಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ನಿಮಗಲ್ಲ ಕಣಪ್ಪ ನಾ ಅಂದಿದ್ದು! ಈ ಊರ್ ಕರೆಂಟ್ ಕಿತ್ತೋನ್ಗೆ ಅಂದಿದ್ದು!”

ಮರಿಸ್ವಾಮಿ ಬಗ್ಗಿ ಹಲ್ಲನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ.

“ಇರ್ಲಿ ಬುಡಿ ಅತ್ತೆ,” ಎಂದ, “ಸರಿಯಾದೋನಿಗೇ ತಗುಲ್ತು.”