ಹಚಿಯ ಉಸ್ತುವಾರಿ

ಪರಭಾಷೆ ಒಂದಕ್ಷರವೂ ಬಾರದವನು ಹೇಗೋ ಬದುಕಿಕೊಳ್ಳುತ್ತಾನೆ. ಕೆಡುವವನು ಅರ್ಧ ಬಂದವನು. ಟೋಕಿಯೋದ ಕೋಟೋ ಬಡಾವಣೆಯಲ್ಲಿ ನಮ್ಮ ಫ್ಲಾಟಿನ ಮುಂದೆ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ಅಂಗಳವೊಂದಿದೆ. ಬರೀ ಮರಳು, ಜಲ್ಲಿ, ಬಿಸಿಗಾಳಿ. ನನ್ನ ಹೆಂಡತಿ ಸುಧಾ ಅದನ್ನು ಕರೆಯುವುದೇ ರಾಜಸ್ಥಾನ ಎಂದು. ಅಲ್ಲಿ ಹೂಗಿಡ ನೆಟ್ಟು ಶಿಲ್ಪವೊಂದನ್ನು ನಿಲ್ಲಿಸಲು ನಿವಾಸಿಗಳ ಸಭೆ ಸೇರಿತು. ಕೊನೆಯಲ್ಲಿ ಅಧ್ಯಕ್ಷರಾದ ನಾಕಾಮುರಾ ಸಾನ್, "ಹಚಿಯನ್ನು ಯಾರು ನೋಡಿಕೊಳ್ಳುತ್ತೀರಿ?" ಎಂದು ಕೇಳಿದರು. ಹಚಿ ಎಂದರೆ ಹೂಕುಂಡ. ಸುಧಾಳ ತುಳಸಿಗೆ ಕುಂಡ ತರಲು ಹೋದಾಗ ಕಲಿತ ಪದ. ನೀರು ಹಾಕುವುದೇನು ಮಹಾ ಎಂದು ಕೈ ಎತ್ತಿದೆ. ಜೋರು ಚಪ್ಪಾಳೆ. ಕುಂಡಕ್ಕೆ ಇಷ್ಟೊಂದು ಚಪ್ಪಾಳೆಯೇ ಎಂದು ಆಗಲೇ ಅನುಮಾನ ಬರಬೇಕಿತ್ತು.

ಮನೆಗೆ ಬಂದು ಹೇಳಿದರೆ ಮಗಳು ಅನು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಹಚಿ ಮೀನ್ಸ್ ಬೀ ಆಲ್ಸೋ! ಆ ಶಿಲ್ಪ ಜೇನುನೊಣಗಳಿಗೇ ಅಂತೆ!" ಸುಧಾ ನಗಲಿಲ್ಲ. "ರೀ, ಜಿರಳೆ ಕಂಡ್ರೆ ಕುರ್ಚಿ ಹತ್ತೋರು ನೀವು. ಜೇನುನೊಣ ಸಾಕ್ತೀರಾ?" ಸುಮಿಮಾಸೆನ್ ಎಂದು ಕ್ಷಮೆ ಕೇಳಿ ತಪ್ಪಿಸಿಕೊಳ್ಳೋಣವೆಂದರೆ, ಮರುದಿನ ಲಿಫ್ಟಿನಲ್ಲಿ ನಾಕಾಮುರಾ ಸಾನ್ ಸೊಂಟ ಮುರಿಯುವಷ್ಟು ಬಗ್ಗಿ ವಂದಿಸಿದರು. ಅಷ್ಟು ಬಗ್ಗಿದವರಿಗೆ ಇಲ್ಲ ಎನ್ನುವುದು ಹೇಗೆ?

ಶಿಲ್ಪ ಬಂತು: ಮರದ ದೊಡ್ಡ ತಿಮಿಂಗಿಲ. ಮೈತುಂಬ ಬಿದಿರಿನ ಕೊಳವೆಗಳು. ಒಂಟಿಯಾಗಿ ಬಾಳುವ ಜೇನುನೊಣಗಳು ಅದರೊಳಗೆ ಮೊಟ್ಟೆಯಿಡುತ್ತವಂತೆ. ಆದರೆ ಉದ್ಘಾಟನೆಯ ಹೊತ್ತಿಗೆ ನೆಟ್ಟ ಹೂಗಳೆಲ್ಲ ಬಿಸಿಲಿಗೆ ಬಾಡಿದ್ದವು. ಮಕ್ಕಳು ಕಾದರು, ಹಿರಿಯರು ಕಾದರು, ಒಂದು ನೊಣವೂ ಸುಳಿಯಲಿಲ್ಲ. ಶಿಲ್ಪ ಮಾಡಿದ ಹುಡುಗಿಯ ಕಣ್ಣಲ್ಲಿ ನೀರು. ಒಂದೂ ಬಾರದಿರಲಿ ಎಂದು ನಾನು ಒಳಗೊಳಗೇ ದೇವರಿಗೆ ಕೈಮುಗಿಯುತ್ತಿದ್ದೆ. ಸುಧಾಳಿಗೆ ತಡೆಯಲಾಗಲಿಲ್ಲ, ಬಾಲ್ಕನಿಯಲ್ಲಿ ಹೂಬಿಟ್ಟಿದ್ದ ತುಳಸಿಯನ್ನು ಕುಂಡದ ಸಮೇತ ಹೊತ್ತು ತಂದು ತಿಮಿಂಗಿಲದ ಬಾಯಿಯ ಮುಂದಿಟ್ಟಳು. ಸ್ವಲ್ಪ ಹೊತ್ತಿಗೆಲ್ಲ ಗುಂಯ್ ಎಂದು ಒಂದು ಬಂತು, ಹಿಂದೆಯೇ ಇನ್ನೊಂದು. ಆ ಹುಡುಗಿ ಸುಧಾಳ ಕೈ ಹಿಡಿದು ಅರಿಗಾತೋ ಅರಿಗಾತೋ ಎಂದು ಧನ್ಯವಾದ ಹೇಳುತ್ತಿದ್ದಂತೆ ಮೂರನೆಯದು ನೇರವಾಗಿ ನನ್ನ ಮೂಗಿನ ಮೇಲೆ ಕೂತಿತು.

ನಾನು ಕಲ್ಲಾದೆ. ಕಿರುಚಲು ಬಾಯಿ ತೆರೆದರೆ ಒಳಗೇ ಹೋದೀತೆಂಬ ಭಯ. ಕಣ್ಣು ಮುಚ್ಚಿದೆ, ಉಸಿರು ಹಿಡಿದೆ. ನೊಣ ಸಾವಕಾಶವಾಗಿ ಮೂಗಿನ ಪ್ರದಕ್ಷಿಣೆ ಮುಗಿಸಿ ಹಾರಿಹೋಯಿತು. ಕಣ್ಣು ತೆರೆದರೆ ಎಲ್ಲರೂ ತಲೆಬಾಗಿ ನಿಂತಿದ್ದಾರೆ! "ಎಂಥ ಶಾಂತಿ! ಇದು ಯೋಗವೇ ಇರಬೇಕು, ನಮಗೂ ಕಲಿಸಿ," ಎಂದರು ನಾಕಾಮುರಾ ಸಾನ್. ನಾನು ನಮ್ರವಾಗಿ ನಕ್ಕೆ. ಅದನ್ನು ಒಪ್ಪಿಗೆಯೆಂದು ತಿಳಿದರು. ಈಗ ಪ್ರತಿ ಭಾನುವಾರ ಬೆಳಿಗ್ಗೆ ತಿಮಿಂಗಿಲದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ನನ್ನ ಶಿಷ್ಯರು ನಿಲ್ಲುತ್ತಾರೆ. ನನಗೆ ಬರುವುದು ಒಂದೇ ಆಸನ, ಹೆದರಿ ನಿಲ್ಲುವುದು. ಅದನ್ನೇ ಕಲಿಸುತ್ತಿದ್ದೇನೆ, ಬೆನ್ನುನೋವಿಗೆ ಬಹಳ ಒಳ್ಳೆಯದಂತೆ.