ಸೈಡ್ ಕೊಟ್ಟು ಗೆದ್ದವಳು

ನನಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಮನೆಗೆ ಬಂದವರು ಟಿವಿಯ ಪಕ್ಕದಲ್ಲಿರುವ ಟ್ರೋಫಿಯನ್ನೂ ಅದರ ನೆತ್ತಿಯ ಮೇಲೆ ಕೂತಿರುವ ಚಿನ್ನದ ಬಣ್ಣದ ಪುಟ್ಟ ಕಾರನ್ನೂ ನೋಡಿ, 'ಇದು ಯಾರು ಗೆದ್ದದ್ದು?' ಎಂದು ಕೇಳುತ್ತಾರೆ. 'ನಾನು' ಎಂದರೆ ಖಾತ್ರಿ ಮಾಡಿಕೊಳ್ಳಲು ನಮ್ಮ ಮನೆಯವರ ಮುಖ ನೋಡುತ್ತಾರೆ. ಅಷ್ಟರಲ್ಲಿ ಅವರಿಗೆ ಒಳಗೆ ಏನೋ ಕೆಲಸ ನೆನಪಾಗಿರುತ್ತದೆ.

ಡ್ರೈವಿಂಗ್ ಕಲಿಯಲು ನಾನು ಪ್ರಯತ್ನಪಡಲಿಲ್ಲವೆಂದಲ್ಲ. ಶಿಕಾರಿಪುರದಲ್ಲಿ ಎರಡು ಸಲ ಡ್ರೈವಿಂಗ್ ಸ್ಕೂಲಿಗೆ ಸೇರಿ ಪೂರ್ತಿ ಪಾಠ ಮುಗಿಸಿದ್ದೇನೆ. ಆ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದರ ಮೇಲೆ ನನಗೆ ಎಂಥ ಭರವಸೆ ಹುಟ್ಟಿಬಿಟ್ಟಿತ್ತೆಂದರೆ, ನನ್ನ ಕಾಲ ಕೆಳಗಿನ ಬ್ರೇಕನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ಎರಡನೆಯ ಸಲ ಸೇರಿದಾಗ ಬ್ರೇಕನ್ನು ಮುಟ್ಟಲು ಕಲಿತೆ, ಆದರೆ ಬಿಡುವುದನ್ನು ಕಲಿಯಲಿಲ್ಲ. ಎದುರಿಗೆ ಬಸ್ಸು ಕಂಡರೆ ಸಾಕು, ಕಾರನ್ನು ರಸ್ತೆಯಿಂದ ಕೆಳಗಿಳಿಸಿ, ಎಂಜಿನ್ ಆರಿಸಿ, ಬಸ್ಸು ಕಣ್ಮರೆಯಾಗುವವರೆಗೆ ಸ್ಟೇರಿಂಗ್ ಹಿಡಿದುಕೊಂಡು ಕೂರುತ್ತಿದ್ದೆ. ಲೈಸೆನ್ಸಿನ ಟೆಸ್ಟ್ ದಿನವೂ ಹಾಗೇ ಮಾಡಿದೆ. ಪರೀಕ್ಷೆ ಮಾಡಿದವರು ಸಜ್ಜನರು. 'ಮೇಡಂ, ನಿಮ್ಮಿಂದ ಯಾರಿಗೂ ಏನೂ ತೊಂದ್ರೆ ಆಗಲ್ಲ. ಆದ್ರೆ ನೀವು ಎಲ್ಲಿಗೂ ಮುಟ್ಟಲ್ಲ' ಎಂದು ಮೃದುವಾಗಿ ಹೇಳಿ ಕಳಿಸಿದರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ಮಕ್ಕಳನ್ನು ನಾಪಾಸು ಮಾಡುವಾಗ ಇಷ್ಟು ಚೆನ್ನಾಗಿ ಹೇಳಲು ನನಗೆ ಇಂದಿಗೂ ಬಂದಿಲ್ಲ.

ನಮ್ಮ ಮನೆಯವರ ಹೆಸರು ಪ್ರಕಾಶ. ಶಿಕಾರಿಪುರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಅವರ ಕಾಲೇಜು ದಿನಗಳ ಗೆಳೆಯರ ಗುಂಪೊಂದಿದೆ, ಅರ್ಧ ಶಿಕಾರಿಪುರದಲ್ಲಿ, ಅರ್ಧ ಸೊರಬದಲ್ಲಿ. ಆ ಪೈಕಿ ಸೊರಬದ ನಾಗರಾಜ ಎಂಬುವವರು ಬಹಳ ವರ್ಷ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸಿದರು. ಕಲಿಯಲು ಬರುವವರು ಕಡಿಮೆಯಾದ ಮೇಲೆ ಅದೇ ಕೋಣೆಯಲ್ಲಿ ಆರು ದೊಡ್ಡ ಪರದೆ, ಆರು ಕುರ್ಚಿ, ಪ್ರತಿ ಕುರ್ಚಿಗೂ ಸ್ಟೇರಿಂಗು ಮತ್ತು ಪೆಡಲು ಇಟ್ಟು ಕಾರು ಓಟದ ಗೇಮ್ ಸೆಂಟರ್ ಮಾಡಿದರು. ಊರಿನಲ್ಲಿ ಗೇಮ್ ಎಂದರೆ ಮಕ್ಕಳು ಹಾಳಾಗುವ ಜಾಗ ಎಂಬ ಅಭಿಪ್ರಾಯವಿತ್ತು. 'ದೊಡ್ಡೋರು ನಾಲ್ಕು ಜನ ಬಂದು ಆಡಿದ್ರೆ ಸೆಂಟರಿಗೆ ಒಂದು ಮರ್ಯಾದೆ ಬರ್ತದೆ ಮಾರಾಯ' ಎಂದು ಅವರು ಗೆಳೆಯರನ್ನು ಹುರಿದುಂಬಿಸಿ ಒಂದು ಚಾಂಪಿಯನ್‌ಶಿಪ್ ಗೊತ್ತುಮಾಡಿದರು. ಐದು ಭಾನುವಾರ, ಐದು ರೇಸು. ದೊಡ್ಡವರೆಂದರೆ ಎಂಥವರು? ಸಕ್ಕರೆ ಇಲ್ಲದ ಚಹಾ ಕುಡಿಯುವವರು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವವರು. ಅಂಥವರು ಆ ಕುರ್ಚಿಯಲ್ಲಿ ಕೂತೊಡನೆ ಬೇರೆಯೇ ಜನವಾಗಿಬಿಡುತ್ತಿದ್ದರು.

ರೇಸಿಗೆ ಆರು ಜನ ಬೇಕು. ಕೊನೆಗಳಿಗೆಯಲ್ಲಿ ಒಬ್ಬರಿಗೆ ಕುತ್ತಿಗೆ ಹಿಡಿದುಕೊಂಡಿತು. ನಮ್ಮ ಮನೆಯವರು ಅಡುಗೆಮನೆಗೆ ಬಂದು, ಈರುಳ್ಳಿ ಹೆಚ್ಚಲು ಸಹಾಯ ಮಾಡುವವರಂತೆ ನಿಂತು, 'ಸುಧಾ, ನೀನು ಸುಮ್ನೆ ಕುಂತ್ಕೊಂಡ್ರ ಸಾಕು. ಲೆಕ್ಕಕ್ಕ ಒಬ್ರು ಬೇಕು' ಎಂದರು. ಲೆಕ್ಕಕ್ಕೆ ಒಬ್ಬಳಾಗಿ ಕೂರುವುದು ನನಗೆ ಹೊಸದಲ್ಲ. ಮದುವೆಮನೆಯಲ್ಲಿ ಮುತ್ತೈದೆಯರ ಸಂಖ್ಯೆ ಕಡಿಮೆಬಿದ್ದಾಗಲೆಲ್ಲ ನನ್ನನ್ನು ಕರೆದು ಕೂರಿಸಿದ್ದಾರೆ. ಒಪ್ಪಿಕೊಂಡೆ. ಸೊರಬಕ್ಕೆ ಹೋಗುವುದೆಂದು ಕೇಳಿದ ಕೂಡಲೇ ನಮ್ಮ ಅತ್ತೆ ಸೀರೆ ಬದಲಾಯಿಸಿ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಅಲ್ಲಿ ಅವರ ತಂಗಿಯ ಮನೆಯಿದೆ. ಆದರೆ ಆ ಐದು ವಾರದಲ್ಲಿ ಅವರು ತಂಗಿಯ ಮನೆಗೆ ಒಮ್ಮೆಯೂ ಹೋಗಲಿಲ್ಲ. ನನ್ನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತವರು ಅಲ್ಲಿಂದ ಏಳಲಿಲ್ಲ.

ಆಟದಲ್ಲಿ ಮೂರು ಬಗೆಯ ಕಾರುಗಳಿದ್ದವು. ನೆಲಕ್ಕೆ ಅಂಟಿಕೊಂಡಂತಿರುವ, ವಿಮಾನದಂತೆ ಕೂಗುವ ಸೂಪರ್ ಕಾರುಗಳು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನವು, ಕೊನೆಗೆ ಪೇಟೆಯಲ್ಲಿ ತರಕಾರಿ ತರಲು ಓಡಿಸುವಂಥ ಪುಟ್ಟ ಕಾರುಗಳು. ಈ ಕೊನೆಯದನ್ನು ಯಾಕೆ ಇಟ್ಟಿದ್ದಾರೆಂದು ಯಾರಿಗೂ ತಿಳಿದಿರಲಿಲ್ಲ. ಒಮ್ಮೆ ಆರಿಸಿಕೊಂಡ ಕಾರನ್ನು ಐದು ರೇಸಿಗೂ ಬದಲಿಸುವಂತಿಲ್ಲ. ಐವರೂ ಸೂಪರ್ ಕಾರು ಹಿಡಿದರು. ನಾನು ಒಂದೊಂದನ್ನೇ ನೋಡುತ್ತ ಹೋಗಿ ಹಳದಿ ಬಣ್ಣದ ಪುಟ್ಟ ಕಾರಿನ ಹತ್ತಿರ ನಿಂತೆ. ಅದರ ಮುಖ ನೋಡಿದರೆ ನನಗೆ ಭಯವಾಗಲಿಲ್ಲ, ಅಷ್ಟೇ ಕಾರಣ. ತಾವು ಆಡದೆ ತೀರ್ಪುಗಾರರಾಗಿದ್ದ ನಾಗರಾಜರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ್ದರು. ಅದರಲ್ಲಿ ಮುಖ್ಯವಾದದ್ದು, ಗುದ್ದಿದರೆ ಕಾರು ನಿಜವಾಗಿ ಗುದ್ದಿದಂತೆಯೇ ಜಖಂ ಆಗಬೇಕು ಎಂಬುದು. ಮುಟ್ಟಿದವರಿಗೆ ಮುಟ್ಟಿದ ಕ್ರಮದಂತೆ ಅಂಕ. ಪೂರಾ ನಜ್ಜುಗುಜ್ಜಾದರೆ ಅಲ್ಲಿಗೆ ಮುಗಿಯಿತು, ಆ ವಾರ ಅಂಕ ಇಲ್ಲ. 'ಹಂಗಿದ್ರೇನೆ ಗಂಡಸರ ಆಟ' ಎಂದು ನಮ್ಮ ಮನೆಯವರು ಈ ನಿಯಮವನ್ನು ಬಹಳ ಹೊಗಳಿದರು.

ಮೊದಲ ಭಾನುವಾರ ಹಸಿರು ದೀಪ ಬಿದ್ದೊಡನೆ ಐದು ಕಾರುಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಬೆಟ್ಟದ ದಾರಿ, ಒಂದು ಕಡೆ ಸಮುದ್ರ, ನಾನೊಬ್ಬಳೇ. ಇಷ್ಟು ನೆಮ್ಮದಿಯ ರಸ್ತೆಯಲ್ಲಿ ನಾನು ಎಂದೂ ಕಾರು ಓಡಿಸಿರಲಿಲ್ಲ. ಎರಡನೆಯ ತಿರುವಿನಲ್ಲಿ ನೋಡಿದರೆ ಒಂದು ಕಾರು ಇನ್ನೊಂದರ ಮೇಲೆ ಹತ್ತಿ ಕೂತಿದೆ, ಮತ್ತೊಂದು ಗೋಡೆಗೆ ಮುಖ ಕೊಟ್ಟು ನಿಂತಿದೆ. ನಾನು ಅಭ್ಯಾಸದಂತೆ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ.

'ಅತ್ತಿಗೆ, ಎಂತಕ್ಕೆ ನಿಲ್ಸಿದ್ರಿ?' ಎಂದರು ನಾಗರಾಜರು.

'ಅಪಘಾತ ಆಗಿದೆ' ಎಂದೆ.

'ಅವರನ್ನ ನಾನು ನೋಡ್ಕೋತೇನೆ ಮಾರಾಯ್ರೆ, ನೀವು ಹೋಗಿ.'

ಹೊರಟೆ. ಮೂರನೆಯವಳಾಗಿ ಮುಟ್ಟಿದೆ. ಮುಟ್ಟಿದವರೇ ಮೂರು ಜನ. ಗೋಡೆಗೆ ಮುಖ ಕೊಟ್ಟು ನಿಂತದ್ದು ನಮ್ಮ ಮನೆಯವರ ಕಾರೆಂದು ಆಮೇಲೆ ತಿಳಿಯಿತು. ಹಿಂದಿರುಗುವಾಗ ಶಿರಾಳಕೊಪ್ಪದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಲ್ಲಿ ಅವರು 'ಪೆಡಲ್ ಬಿಗಿ ಐತಿ' ಎಂದಷ್ಟೇ ಹೇಳಿದರು.

ಎರಡನೆಯ ವಾರದಿಂದ ಅತ್ತೆಯ ಮಾರ್ಗದರ್ಶನ ಶುರುವಾಯಿತು. ನನ್ನ ಕಾರು ಎಷ್ಟು ನಿಧಾನವೆಂದರೆ, ಮುಂದೆ ಹೋದವರೆಲ್ಲ ಒಂದು ಸುತ್ತು ಮುಗಿಸಿ ಮತ್ತೆ ನನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದರು. 'ಅದರೊಳಗ ಮಂದಿ ಇರ್ತಾರೇನವ್ವ?' ಎಂದು ಅತ್ತೆ ಕೇಳಿದರು. ಇಲ್ಲ, ಬರೀ ಚಿತ್ರ ಎಂದೆ. 'ಚಿತ್ರ ಆದ್ರೇನು, ಪಾಪ, ಹಾರ್ನ್ ಹೊಡ್ಯಾಕತ್ತೈತಿ. ಅರ್ಜೆಂಟ್ ಐತೇನೋ. ಸೈಡ್ ಕೊಡು' ಎಂದರು. ಮಾತು ಮೀರಿ ಅಭ್ಯಾಸವಿಲ್ಲ. ಎಡಕ್ಕೆ ಸರಿದೆ. ಹಿಂದೆ ಇದ್ದವರು ಇಬ್ಬರು. ಒಬ್ಬರು ನಮ್ಮ ಮನೆಯವರು, ಇನ್ನೊಬ್ಬರು ಸೊರಬದ ಹಲ್ಲಿನ ಡಾಕ್ಟರ್ ಶಿವಮೂರ್ತಿ. ಡಾಕ್ಟರು ಗುಂಪಿನಲ್ಲೇ ಅತಿ ವೇಗದವರು, ಹಲ್ಲು ಕೀಳುವಾಗಲೂ ಹಾಗೇ ಎಂದು ಪ್ರತೀತಿ. ನಾನು ಬಿಟ್ಟ ಒಬ್ಬರ ಜಾಗಕ್ಕೆ ಇಬ್ಬರೂ ಒಟ್ಟಿಗೆ ನುಗ್ಗಿದರು. ಎರಡು ಕಾರೂ ಒಂದನ್ನೊಂದು ಅಪ್ಪಿಕೊಂಡು ನನ್ನ ಕಣ್ಣೆದುರಿಗೇ ಸಮುದ್ರಕ್ಕೆ ಹೋದವು.

ಡಾಕ್ಟರು ಕುರ್ಚಿಯಿಂದ ಎದ್ದು ತಕರಾರು ಹೂಡಿದರು. 'ಅಕ್ಕ ಸೈಡ್ ಕೊಟ್ಟದ್ದೇ ತಪ್ಪು. ರೇಸಲ್ಲಿ ಯಾರಾದ್ರೂ ಸೈಡ್ ಕೊಡ್ತಾರನಾ? ಅಕ್ಕ ಅಡ್ಡ ಬರ್ತಾರೆ ಅಂತ ಲೆಕ್ಕ ಹಾಕಿ ನಾನು ಬಂದದ್ದು.' ನಾಗರಾಜರು ಕನ್ನಡಕ ಹಾಕಿಕೊಂಡು ಗೋಡೆಯ ಮೇಲಿನ ನಿಯಮಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಸೈಡ್ ಕೊಡಬಾರದು ಎಂದು ಎಲ್ಲಿಯೂ ಇರಲಿಲ್ಲ. ಇನ್ನಿಬ್ಬರು ಮೊದಲೇ ಗುದ್ದಿ ಮುಗಿದಿದ್ದರಿಂದ ಆ ವಾರ ನಾನು ಎರಡನೆಯವಳು.

ಹೀಗೆ ವಾರಗಳು ಕಳೆದವು. ಒಂದೊಂದು ವಾರ ಒಬ್ಬೊಬ್ಬರು ಗೆದ್ದರು. ಈ ವಾರ ಗೆದ್ದವರು ಮುಂದಿನ ವಾರ ಹಳ್ಳದಲ್ಲಿರುತ್ತಿದ್ದರು. ನಾನು ಮಾತ್ರ ಪ್ರತಿ ವಾರ ಕಟ್ಟಕಡೆಗೆ, ಎಲ್ಲರೂ ಚಹಾ ಕುಡಿದು ಮುಗಿಸುವ ಹೊತ್ತಿಗೆ, ಮುಟ್ಟುತ್ತಿದ್ದೆ. ನಾಲ್ಕನೆಯ ಭಾನುವಾರ ನಾಗರಾಜರು ಬೋರ್ಡಿನ ಮೇಲೆ ಅಂಕ ಕೂಡಿಸಿ ನೋಡಿ, ತಪ್ಪಿರಬೇಕೆಂದು ಅಳಿಸಿ, ಮತ್ತೆ ಕೂಡಿಸಿದರು. ಎರಡು ಸಲವೂ ನನ್ನ ಹೆಸರೇ ಮೇಲೆ ಬಂತು. ನಾನು ಒಂದೇ ವಾರದಲ್ಲಿ ಮಾಯವಾಗುವವಳು ಎಂದುಕೊಂಡು ಅವರು ನನ್ನನ್ನು 'ಪ್ರಕಾಶ 2' ಎಂದು ನಮೂದಿಸಿದ್ದರು. ಪ್ರಕಾಶ 2 ಮೊದಲು, ಪ್ರಕಾಶ 1 ಕಡೆಯಿಂದ ಎರಡನೆಯವರು.

ಅಲ್ಲಿಂದ ಮನೆಯ ಹವಾಮಾನ ಬದಲಾಯಿತು. ನಮ್ಮ ಮನೆಯವರು ಸಾರಿಗೆ ಉಪ್ಪು ಹೆಚ್ಚಾದರೂ ಹೇಳದೆ ಊಟ ಮಾಡಿದರು. ನಮ್ಮಲ್ಲಿ ಅದು ಸಿಟ್ಟಿನ ಲಕ್ಷಣ. ಗುರುವಾರ ಅಡುಗೆಮನೆಗೆ ಬಂದು, 'ಆಖ್ರೀ ರೇಸ್ ಒಂದನ್ನಾದ್ರೂ ಸ್ವಲ್ಪ ಜೋರಾಗಿ ಓಡ್ಸು. ಮಜಾ ಬರ್ತೈತಿ' ಎಂದರು. ಯಾರ ಮಜಾ ಎಂದು ಕೇಳಿದೆ. ಅವರು ಒಂದು ಸೌತೆಕಾಯಿ ತೆಗೆದುಕೊಂಡು ಹೋದರು. ನಿಜ ಹೇಳಬೇಕೆಂದರೆ ನನಗೂ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಮೊದಲ ವಾರ ಲೆಕ್ಕಕ್ಕೆ ಕೂತವಳಿಗೆ ಈಗ ಆ ಟ್ರೋಫಿ ಬೇಕೇ ಬೇಕು ಎನಿಸಿತ್ತು. ತರಗತಿಯಲ್ಲಿ ಪಾಣಿಪತ್ ಯುದ್ಧದ ಪಾಠ ಮಾಡುತ್ತ ಒಂದು ಕಡೆ 'ಬಾಬರನು ಎಡಕ್ಕೆ ಸರಿದು ಸೈಡ್ ಕೊಟ್ಟನು' ಎಂದುಬಿಟ್ಟೆ. ಮಕ್ಕಳು ಅದನ್ನು ಹಾಗೇ ಬರೆದುಕೊಂಡರು.

ಕೊನೆಯ ಭಾನುವಾರದ ಲೆಕ್ಕ ಸರಳವಾಗಿತ್ತು. ಡಾಕ್ಟರು ಮೊದಲು ಬಂದು, ನಾನು ನಾಲ್ಕನೆಯವಳಾದರೆ ಟ್ರೋಫಿ ಅವರದು. ಮೂರನೆಯವಳಾದರೆ ನನ್ನದು. ಡಾಕ್ಟರು ಅಂದು ಎಂದೂ ಇಲ್ಲದ ಎಚ್ಚರಿಕೆಯಿಂದ ಓಡಿಸಿ ಮೊದಲು ಮುಟ್ಟಿ, ಎದ್ದು ಬಂದು ನನ್ನ ಬೆನ್ನಿನ ಹಿಂದೆ ನಿಂತರು. ಎರಡನೆಯವರೂ ಮುಟ್ಟಿದರು. ಇಬ್ಬರು ದಾರಿಯಲ್ಲೇ ಮುಗಿದಿದ್ದರು. ಇನ್ನು ರಸ್ತೆಯಲ್ಲಿ ಉಳಿದವರು ನಾವಿಬ್ಬರು, ಗಂಡ ಹೆಂಡತಿ. ನಮ್ಮ ಮನೆಯವರ ಸೂಪರ್ ಕಾರು ಎಲ್ಲೋ ಗುದ್ದಿಸಿಕೊಂಡು, ಬಾನೆಟ್ಟಿನಿಂದ ಹೊಗೆ ಬಿಡುತ್ತ, ಕುಂಟುತ್ತ ಮುಂದೆ ಹೋಗುತ್ತಿತ್ತು. ನಾನು ಹಿಂದೆ. ಬಲಕ್ಕೆ ಹೋದರೆ ಅವರು ಬಲಕ್ಕೆ ಬರುತ್ತಾರೆ, ಎಡಕ್ಕೆ ಹೋದರೆ ಎಡಕ್ಕೆ. ಅವರಿಗೆ ಟ್ರೋಫಿ ಸಿಗುವ ಹಾಗಿರಲಿಲ್ಲ. ಪ್ರಕಾಶ 2ರ ಹಿಂದೆ ಬೀಳಬಾರದು, ಅಷ್ಟೇ. ಕೊನೆಯ ತಿರುವು ಕಂಡಿತು. ಗುದ್ದಿ ಹೋಗಬಹುದಿತ್ತು. ಆದರೆ ಆ ಕಾರಿನಲ್ಲಿ ಮಂದಿ ಇದ್ದಾರೇನೋ ಎಂಬ ಅನುಮಾನ ಅಷ್ಟು ಹೊತ್ತಿಗೆ ನನಗೂ ಅಂಟಿಕೊಂಡಿತ್ತು.

ಆಗ ಹಿಂದಿನಿಂದ ಅತ್ತೆಯ ದನಿ ಬಂತು. ಜೋರಾಗಿಯೇನೂ ಅಲ್ಲ, ಮನೆಯಲ್ಲಿ 'ಚಪ್ಪಲಿ ಹೊರಗ ಬಿಡು' ಎನ್ನುವ ದನಿ. 'ಪ್ರಕಾಶ, ಆಕಿಗೆ ಸೈಡ್ ಕೊಡು.'

ಅವರ ಕೈ ತಾನಾಗಿ ಎಡಕ್ಕೆ ತಿರುಗಿತು. ಆ ದನಿ ಕೇಳಿದಾಗಲೆಲ್ಲ ಅವರು ಹಾಗೇ ಮಾಡುತ್ತ ಬೆಳೆದವರು. ನಾನು ಬಲಗಡೆಯಿಂದ, ಇಂಡಿಕೇಟರ್ ಎಲ್ಲಿದೆ ಎಂದು ಹುಡುಕುತ್ತಲೇ ಮುಂದೆ ಹೋಗಿ, ಗೆರೆ ದಾಟಿದೆ.

ಡಾಕ್ಟರು ಮತ್ತೆ ತಕರಾರು ಹೂಡಿದರು. ಹೊರಗಿನವರು ಆಟದಲ್ಲಿ ಕೈಹಾಕಿದ್ದಾರೆ, ರೇಸ್ ಮತ್ತೆ ಆಗಬೇಕು ಎಂದರು. ನಾಗರಾಜರು ಮತ್ತೆ ಕನ್ನಡಕ ಹಾಕಿಕೊಂಡು ಗೋಡೆಯ ಬಳಿ ಬಹಳ ಹೊತ್ತು ನಿಂತರು. 'ತಾಯಂದಿರ ಬಗ್ಗೆ ಎಂತದೂ ಬರ್ದಿಲ್ಲ ಡಾಕ್ಟ್ರೆ' ಎಂದರು ಕೊನೆಗೆ. ಅತ್ತೆ ಡಾಕ್ಟರನ್ನು ಪಕ್ಕಕ್ಕೆ ಕರೆದು, ತಮ್ಮ ಕೆಳಗಿನ ಹಲ್ಲೊಂದು ಅಲ್ಲಾಡುತ್ತಿರುವುದನ್ನು ತೋರಿಸಿ, ಬರುವ ವಾರ ಬರಲೇ ಎಂದು ಕೇಳಿ ಅವರನ್ನು ಸಮಾಧಾನಪಡಿಸಿದರು. ಒಂದೇ ಒಂದು ರೇಸನ್ನೂ ಗೆಲ್ಲದ ನಾನು ಚಾಂಪಿಯನ್ ಆದೆ. ಕಾರಿನಲ್ಲಿ ಬರುವಾಗ ನಮ್ಮ ಮನೆಯವರು, 'ನಾನೇ ಬಿಟ್ಟಿದ್ದು, ಗೊತ್ತೈತಲ್ಲ' ಎಂದರು. 'ಹೂಂ' ಎಂದರು ಅತ್ತೆ. ಟ್ರೋಫಿ ನನ್ನ ತೊಡೆಯ ಮೇಲಿತ್ತು, ನಾನು ಏನೂ ಹೇಳಲಿಲ್ಲ.

ಆಮೇಲೆ ಹೇಳಿದೆ. ಮುಂದಿನ ಕೆಲವು ತಿಂಗಳು ನಾನು ಹೇಳಿದ್ದೇ ಹೇಳಿದ್ದು. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಬಳ್ಳಿಗಾವಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ದೇವಸ್ಥಾನದ ಮೆಟ್ಟಿಲ ಮೇಲೆ ಕೂಡ. ತಾಳ್ಮೆಯ ಮಹತ್ವ, ಸಣ್ಣದರ ಶಕ್ತಿ, ಆತುರದ ಅನರ್ಥ. ಒಬ್ಬ ಸಹೋದ್ಯೋಗಿ ನಾನು ಬರುವುದನ್ನು ಕಂಡು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡದ್ದನ್ನು ನಾನು ಏಕಾಗ್ರತೆ ಎಂದು ತಿಳಿದೆ.

ಮೊನ್ನೆ ನಾಗರಾಜರು ಎರಡನೆಯ ಚಾಂಪಿಯನ್‌ಶಿಪ್ ಶುರುಮಾಡಿದರು. ಅವರ ಸೆಂಟರಿಗೆ ಈಗ ಮರ್ಯಾದೆಯೂ ಬಂದಿದೆ, ಜನರೂ ಬರುತ್ತಾರೆ. ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಕಾರು ಆರಿಸಿಕೊಂಡರು. ಡಾಕ್ಟರು ಪುಟ್ಟ ಕಾರು, ನಮ್ಮ ಮನೆಯವರು ಪುಟ್ಟ ಕಾರು, ಉಳಿದ ಮೂವರೂ ಪುಟ್ಟ ಕಾರು. 'ಅಕ್ಕನ ಹತ್ರ ಕಲ್ತದ್ದು' ಎಂದು ಡಾಕ್ಟರು ವಿನಯದಿಂದ ಹೇಳಿದರು. ಕೊನೆಗೆ ನನ್ನ ಸರದಿ. ಹಳದಿ ಕಾರು ಅಲ್ಲೇ ಇತ್ತು. ಆದರೆ ಅದರಿಂದ ನಾಲ್ಕು ಕಾರು ಆಚೆ ಒಂದು ಕೆಂಪು ಸೂಪರ್ ಕಾರು ನಿಂತಿತ್ತು, ಮೈಮೇಲೆ ಮಿಂಚು. ಚಾಂಪಿಯನ್ ಆದವಳು ತರಕಾರಿ ಗಾಡಿಯಲ್ಲಿ ಬಂದರೆ ಹೇಗೆ ಎಂದು ನನಗೆ ಯಾಕೆ ಅನಿಸಿತೋ ತಿಳಿಯದು. ಬೆರಳು ತಾನಾಗಿ ಅದನ್ನು ಒತ್ತಿತು.

ಹಸಿರು ದೀಪ ಬಿದ್ದಾಗ ನನ್ನ ಕಾಲು ಪೆಡಲಿನ ಮೇಲೆ ಎಷ್ಟು ಊರಿತೆಂದರೆ ಕುರ್ಚಿಯೇ ಹಿಂದೆ ಸರಿಯಿತು. ಮೊದಲ ತಿರುವಿನಲ್ಲಿ ರಸ್ತೆ ಎಡಕ್ಕೆ ಹೋಯಿತು, ನಾನು ನೇರವಾಗಿ ಹೋದೆ. ಗೋಡೆ ಬಹಳ ಗಟ್ಟಿಯಿತ್ತು. ಐದು ಪುಟ್ಟ ಕಾರುಗಳು ಶಾಲೆಯ ಮಕ್ಕಳಂತೆ ಸಾಲಾಗಿ, ಒಬ್ಬರಿಗೊಬ್ಬರು ಸೈಡ್ ಕೊಡುತ್ತ, ನನ್ನ ಹೊಗೆಯನ್ನು ದಾಟಿ ಹೋದವು. ಅವುಗಳಲ್ಲಿ ಒಂದು ಪಕ್ಕಕ್ಕೆ ಹಾಕಿ ನಿಂತು, ನೋಡಿ, ಮುಂದೆ ಹೋಯಿತು. ಯಾರದೆಂದು ನಾನು ಕೇಳಲಿಲ್ಲ. ಅತ್ತೆ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡು, 'ಗಾಡಿ ಚಂದ ಇತ್ತು ಬಿಡವ್ವ' ಎಂದರು.

ಚಂದವೇ ಇತ್ತು. ಅಷ್ಟೇ ಅಲ್ಲ, ಆ ತಿರುವು ಬರುವವರೆಗೆ ಎಲ್ಲರಿಗಿಂತ ಮುಂದಿದ್ದವಳು ನಾನೇ.