ಮೇಜಿನ ಮೇಲಿನ ಮಾವನ ಮನೆ

ನಮ್ಮ ಕಾಕಾ ದೂರದಲ್ಲಿ ಕಂಡರೆ ಸಾಕು, ಜಮಖಂಡಿಯ ಹಾರ್ಡ್‌ವೇರ್ ಅಂಗಡಿಯವರಿಗೆಲ್ಲ ಒಮ್ಮೆಲೇ ಹಸಿವಾಗುತ್ತದೆ! ಬೆಳಿಗ್ಗೆ ಹತ್ತು ಗಂಟೆಯಾಗಿದ್ದರೂ ಸರಿಯೇ, "ಊಟಕ್ಕ ಹೊಂಟೇನ್ರಿ" ಎಂದು ಶಟರನ್ನು ಅರ್ಧಕ್ಕೆ ಎಳೆದುಬಿಡುತ್ತಾರೆ. ಹಾಗೆಂದು ಕಾಕಾ ಉದ್ದರಿ ಹೇಳುವವರಲ್ಲ, ಜಗಳ ತೆಗೆಯುವವರೂ ಅಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದ ಸಾಧು ಮನುಷ್ಯ. ಅವರಿಗಿರುವ ರೋಗ ಒಂದೇ: ಸಾಮಾನು ಆರಿಸುವುದು. ಮಗಳಿಗೆ ಗಂಡು ನೋಡುವವರು ಕೂಡ ಇಷ್ಟು ವಿಚಾರಿಸಲಿಕ್ಕಿಲ್ಲ. ತಿಕ್ಕುವ ಅರ, ನಮ್ಮ ಕಡೆಯ ಕಾನಸು, ಒಂದು ಸಣ್ಣದನ್ನು ಕೊಳ್ಳಬೇಕೆಂದರೆ ಅದರ ಹಲ್ಲು ನೋಡುತ್ತಾರೆ, ಹಿಡಿ ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟಿ ಅದರ ದನಿ ಕೇಳುತ್ತಾರೆ. ಕೊನೆಗೆ "ವಿಚಾರ ಮಾಡಿ ಹೇಳ್ತೇನ್ರಿ" ಎಂದು ಎದ್ದು ಬರುತ್ತಾರೆ. ಅಂಗಡಿಯವನಿಗೆ ಹಸಿವಾಗದೆ ಇನ್ನೇನಾದೀತು?

ಇಷ್ಟಕ್ಕೂ ಅವರ ಉದ್ಯೋಗವೇನೆಂದರೆ, ದೊಡ್ಡ ವಸ್ತುಗಳನ್ನು ಸಣ್ಣದಾಗಿ ಮಾಡುವುದು. ಶುರುವಾದದ್ದು ಒಂದು ಆಟಿಕೆ ಟ್ರ್ಯಾಕ್ಟರಿನಿಂದ. ನನ್ನ ಮಗಳಿಗೆಂದು ತಂದದ್ದನ್ನು ಅವಳ ಕೈಗೆ ಕೊಡುವ ಮೊದಲು "ಸ್ವಲ್ಪ ಸುಧಾರಿಸಿ ಕೊಡ್ತೇನಿ" ಎಂದರು. ಸುಧಾರಣೆ ಒಂದು ವರ್ಷ ನಡೆಯಿತು. ಹೊಗೆಕೊಳವೆ ಬಂತು, ಸೀಟಿಗೆ ಗಾದಿ ಬಂತು, ಹಿಂದೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತೊಯ್ಯುವ ಟ್ರಾಲಿ ಬಂತು. ಬಣ್ಣಕ್ಕೆ ನನ್ನ ಹೆಂಡತಿಯ ಉಗುರುಬಣ್ಣದ ಬಾಟಲಿ ಹೋಯಿತು. ಟ್ರಾಲಿಯಲ್ಲಿ ಒಟ್ಟಿದ ಕಬ್ಬಿಗೆಲ್ಲ ಕಾಕಿಯ ಕಸಬರಿಗೆಯ ಕಡ್ಡಿ! ಹಂಗಾಮು ಮುಗಿಯುವ ಹೊತ್ತಿಗೆ ಕಾಕಿಯ ಕೈಯಲ್ಲಿ ಕಸಬರಿಗೆಯ ಹಿಡಿಯಷ್ಟೇ ಉಳಿದಿತ್ತು. ಮಗಳು ಅಷ್ಟರಲ್ಲಿ ಬೆಳೆದು ಸೈಕಲ್ ಬೇಕೆನ್ನತೊಡಗಿದ್ದಳು.

ಆಮೇಲೆ ಬಂತು ಚಿಮಟಿಯ ಪ್ರಕರಣ. ಸಣ್ಣ ಸಣ್ಣ ತುಣುಕು ಹಿಡಿದು ಅಂಟಿಸಲು ಕಾಕಾಗೆ ಒಂದು ಚಿಮಟಿ ಬೇಕಾಗಿತ್ತು. ನನ್ನ ಮೋಟರ್‌ಸೈಕಲ್ಲಿನ ಹಿಂದಿನ ಸೀಟು ಅವರ ಖಾಯಂ ಜಾಗ. ಅಣ್ಣನ ಮಗನಾಗಿ ಹುಟ್ಟಿದ ತಪ್ಪಿಗೆ ಇಷ್ಟಾದರೂ ಮಾಡಬೇಡವೇ? ಅಂಗಡಿಯಲ್ಲಿ ಕುಳಿತ ಕಾಕಾ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಬಿಚ್ಚಿದರೆ ಸಾಸಿವೆ! ಒಂದೊಂದು ಚಿಮಟಿಯಿಂದಲೂ ಒಂದೊಂದು ಕಾಳು ಎತ್ತಿ ನೋಡತೊಡಗಿದರು. ಕಾಳು ಜಾರಿತೆಂದರೆ ಆ ಚಿಮಟಿ ನಾಪಾಸು. ಗಲ್ಲೆಯ ಮೇಲೆಲ್ಲ ಸಾಸಿವೆ ಹರಡಿತು. ಅಂಗಡಿಯವನ ತಾಳ್ಮೆ ತಪ್ಪಿತು.

"ಮಾಸ್ತರ, ನೀವು ಚಿಮಟಿ ತಗೊಳ್ಳಾಕ ಬಂದೀರೋ, ಒಗ್ಗರಣಿ ಹಾಕಾಕ ಬಂದೀರೋ?"

"ಕಾಳು ನಿಲ್ಲಬೇಕಲ್ರಿ. ಕಾಳು ನಿಲ್ಲಲಿಲ್ಲಂದ್ರ ಮಳಿ ಹೆಂಗ ನಿಂತೀತು?" ಎಂದರು ಕಾಕಾ. ಮಳಿ ಎಂದರೆ ಮೊಳೆ. ಅವರ ಮೊಳೆ ಸಾಸಿವೆಗಿಂತ ಸಣ್ಣದು, ಕೊಡೆಯ ಕಡ್ಡಿಯನ್ನು ಕತ್ತರಿಸಿ ತಿಕ್ಕಿ ಮಾಡಿದ್ದು.

ಅಲ್ಲಿ ಯಾವುದೂ ಪಾಸಾಗಲಿಲ್ಲ. ಮುಧೋಳದಲ್ಲಿ ಬಂಗಾರದ ಕೆಲಸ ಮಾಡುವ ಒಬ್ಬ ಪತ್ತಾರರ ಅಂಗಡಿಗೆ ಹೋದೆವು. ಬಿಳಿ ಅಂಗಿಯ ಹಿರಿಯರೊಬ್ಬರು ಬಂದು ಜಮಖಾನೆಯ ಮೇಲೆ ಕುಳಿತರೆಂದರೆ ಪತ್ತಾರರು ಏನೆಂದುಕೊಳ್ಳಬೇಕು? ಮನೆಯಲ್ಲಿ ಲಗ್ನವಿದೆ ಎಂದುಕೊಂಡರು. ಚಹಾ ಬಂತು, ತಿಜೋರಿ ತೆರೆಯಿತು, ಎದುರಿಗೆ ಸರಗಳು ಸಾಲಾಗಿ ಮಲಗಿದವು. ಕಾಕಾ ಒಂದನ್ನೂ ನೋಡಲಿಲ್ಲ. ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು, "ಅದೆಲ್ಲಾ ಛಲೋ ಅದಾವ್ರಿ. ನಿಮ್ಮ ಕೈಯಾಗಿನ ಆ ಹಳೇ ಚಿಮಟಿ ಕೊಡ್ತೀರೇನು?" ಎಂದರು. ಪತ್ತಾರರ ಮುಖ ಆಗ ಹೇಗಿತ್ತೆಂದು ನನಗೆ ಇಂದಿಗೂ ವರ್ಣಿಸಲು ಬರುವುದಿಲ್ಲ. ಆದರೂ ಕೊಟ್ಟರು, ದೊಡ್ಡ ಮನುಷ್ಯರು. ಬಹುಶಃ ಎದ್ದು ಹೋದರೆ ಸಾಕೆಂದು ಕೊಟ್ಟಿರಬೇಕು.

ಇಷ್ಟು ಚಂದದ ಚಿಮಟಿ ಸಿಕ್ಕ ಮೇಲೆ ಅದಕ್ಕೆ ತಕ್ಕ ಕೆಲಸವೂ ಬೇಕಲ್ಲ! ದಾರಿಯಲ್ಲಿ ಹಿಂದಿನ ಸೀಟಿನಿಂದ ಕಾಕಾ ನನ್ನ ಕಿವಿಯಲ್ಲಿ ಕೂಗಿದರು: "ತಮ್ಮಾ, ಈ ಪಂಚಮಿಗೆ ನಿಮ್ಮ ಕಾಕಿಗೆ ತವರಮನಿ ತೋರಸ್ತೇನಿ ನೋಡು!"

ನಾನು ಗಾಡಿ ನಿಲ್ಲಿಸಿಬಿಟ್ಟೆ. ಕಾಕಿಯ ತವರು ಬೀಳಗಿ ಕಡೆಯ ಒಂದು ಹೊಳೆದಂಡೆಯ ಹಳ್ಳಿ. ಆಣೆಕಟ್ಟಿನ ಹಿನ್ನೀರು ಬಂದು ಆ ಊರು ಮುಳುಗಿ ಎಷ್ಟೋ ವರ್ಷಗಳಾದವು. ಊರಿನ ಮಂದಿ ದಿಕ್ಕಾಪಾಲಾದರು. ಆ ಮನೆಯದೊಂದು ಫೋಟೋ ಕೂಡ ಇಲ್ಲ. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಓಣಿಯ ಹೆಂಗಸರೆಲ್ಲ ಚೀಲ ಹಿಡಿದು ಬಸ್ ಹತ್ತಿದರೆ ಕಾಕಿ ಮಾತ್ರ ಇದ್ದಬದ್ದವರಿಗೆಲ್ಲ ಸಾಕಾಗುವಷ್ಟು ಶೇಂಗಾ ಉಂಡಿ ಕಟ್ಟುತ್ತ ಕೂರುತ್ತಾರೆ. ಅಂದು ಯಾರು ಮಾತನಾಡಿಸಿದರೂ ಸಿಡಿಯುತ್ತಾರೆ. ತವರಿನ ಹೆಸರನ್ನು ಮಾತ್ರ ಎತ್ತುವುದಿಲ್ಲ, ಯಾರಾದರೂ ಎತ್ತಿದರೆ ಎದ್ದು ಹೋಗುತ್ತಾರೆ. ಆ ಮನೆಯನ್ನು ಕಾಕಾ ಕಟ್ಟಲು ಹೊರಟಿದ್ದರು, ಮೇಜಿನ ಮೇಲೆ, ಒಂದು ದೊಡ್ಡ ಪರಾತದಷ್ಟು ಜಾಗದಲ್ಲಿ! ಕಾಕಿ ಅದನ್ನು ನೋಡಿ ಏನು ಮಾಡುತ್ತಾರೋ ಎಂದು ನನಗೆ ಅಂದಿನಿಂದಲೇ ಪುಕಪುಕ ಶುರುವಾಯಿತು.

ಕಾಕಾಗೆ ಅಂಥದ್ದೇನೂ ಇರಲಿಲ್ಲ. ಮರದ ಬಾಗಿಲಿಗೆ ಕೆತ್ತನೆ ಮಾಡಲು ಸೂಕ್ಷ್ಮವಾದ ಕೊಕ್ಕೆ ಬೇಕೆಂದು ಹುಡುಕುತ್ತಿರುವಾಗಲೇ ಅವರ ಹಲ್ಲು ನೋಯತೊಡಗಿತು. ಹಲ್ಲಿನ ಡಾಕ್ಟರು ಅವರ ಹಳೆಯ ವಿದ್ಯಾರ್ಥಿ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಕಾಕಾ ಒಂದೇ ಸಮನೆ "ಆ... ಆ..." ಎನ್ನುತ್ತ ಬೆರಳು ಮಾಡಿ ತೋರಿಸತೊಡಗಿದರು.

"ಎಲ್ಲಿ ನೋಯಾಕತ್ತೈತ್ರಿ ಸರ್, ಇಲ್ಲೇನು?"

ಕಾಕಾ ತಲೆ ಅಲ್ಲಾಡಿಸಿ ಮತ್ತೆ ಬೆರಳು ಮಾಡಿದರು. ಡಾಕ್ಟರು ಬೆರಳಿನ ದಿಕ್ಕು ನೋಡಿ ಬೆರಗಾದರು. "ಸರ್, ಅದು ನನ್ನ ಹತ್ಯಾರ್ರಿ! ನಿಮ್ಮ ಹಲ್ಲು ಬಾಯಾಗ ಅದಾವು!"

ಹೊರಗೆ ಬಂದಾಗ ಕಾಕಾನ ಕೈಯಲ್ಲಿ ಡಾಕ್ಟರು ಬಳಸಿ ಬಿಟ್ಟ ನಾಲ್ಕಾರು ಕೊಕ್ಕೆಗಳಿದ್ದವು. ಹುಳುಕು ಹಲ್ಲು ಬಾಯಲ್ಲಿ ಹಾಗೆಯೇ ಇತ್ತು. ಅದನ್ನು ತೋರಿಸುವುದೇ ಮರೆತುಹೋಗಿತ್ತಂತೆ!

ಕಿಟಕಿಯ ಸರಳಿಗೆ ಬನಹಟ್ಟಿಗೆ ಹೋದೆವು. ಮಗ್ಗದಲ್ಲಿ ನೂಲಿನ ಎಳೆಗಳನ್ನು ಬೇರೆಬೇರೆ ಹಿಡಿಯುವ ಬಾಚಣಿಗೆಯಂಥ ಹಣಿಗೆ ಇರುತ್ತದಲ್ಲ, ಅದರ ತೆಳುವಾದ ಉಕ್ಕಿನ ಹಲ್ಲುಗಳೇ ಆಗಬೇಕೆಂದು ಕಾಕಾನ ಹಟ. ಪವರ್‌ಲೂಮಿನ ಗದ್ದಲದಲ್ಲಿ ಮಾಲಕನಿಗೆ ಕೂಗಿ ಹೇಳಿದ್ದಾಯಿತು. ಅವನು ಮುರುಕು ಹಣಿಗೆಯೊಂದನ್ನು ಹುಡುಕಿ ತಂದ. "ಎಷ್ಟು ದೊಡ್ಡ ಕಿಡಕಿರಿ?" ಎಂದು ಕೇಳಿದ. ಕಾಕಾ ತಮ್ಮ ಹೆಬ್ಬೆರಳಿನ ಉಗುರು ತೋರಿಸಿದರು.

"ಇದಕ್ಕ ಸರಳು ಯಾಕ್ರಿ ಮತ್ತ?"

"ಕಳ್ಳರು ಹೊಗಬಾರದಲ್ರಿ!"

ಮಾಲಕ ನನ್ನ ಮುಖ ನೋಡಿದ. ನಾನು ಮಗ್ಗದ ಕಡೆ ನೋಡಿದೆ.

ಇನ್ನು ಮಣ್ಣು. ಗೋಡೆಗೆ ಮಣ್ಣು ಬೇಕಾದರೆ ಹಿತ್ತಲಲ್ಲಿಲ್ಲವೇ? ಇಲ್ಲ, ಆ ಊರಿನ ಮನೆಗೆ ಆ ಊರಿನ ಮಣ್ಣೇ ಆಗಬೇಕು! ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬೀಳಗಿ ದಾಟಿ ಹೋದೆವು. ಉರಿಬಿಸಿಲಿನಲ್ಲಿ ಕಾಕಾ ಬಿರಿದ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದು ಹೆಜ್ಜೆಗೊಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡುತ್ತ ಸಾಗಿದರು. ಬಲೆ ಒಣಹಾಕುತ್ತಿದ್ದವನೊಬ್ಬ ಕನಿಕರದಿಂದ ಕೇಳಿದ: "ಏನ್ ಕಳಕೊಂಡೀರಿ ಯಜಮಾನ್ರ?"

"ಮಾವನ ಮನಿ!" ಎಂದರು ಕಾಕಾ, ತಲೆ ಎತ್ತದೆ.

ಅವನು ನಗಲಿಲ್ಲ. ಬಂದು ನಮ್ಮ ಮಣ್ಣಿನ ಚೀಲದ ಬಾಯಿ ಹಿಡಿದುಕೊಂಡು ನಿಂತ.

ಮನೆಯಲ್ಲಿ ಆ ಮಣ್ಣನ್ನು ಜರಡಿ ಹಿಡಿಯಬೇಕಲ್ಲ. ಮರುದಿನ ಕಾಕಿಯ ದನಿ ಓಣಿಗೆಲ್ಲ ಕೇಳಿತು.

"ಏನ್ರೀ, ನನ್ನ ಹಿಟ್ಟಿನ ಸಾಣಗಿ ಎಲ್ಲಿ?"

"ಅದಕ್ಕ ಈಗ ಬ್ಯಾರೆ ನೌಕರಿ ಸಿಕ್ಕೈತಿ."

"ನಿಮಗ ಯಾವಾಗ ಸಿಗತೈತ್ರಿ ನೌಕರಿ? ಮನ್ಯಾಗ ಒಂದು ಸಾಮಾನು ಉಳಿಸಲಿಲ್ಲ!"

ಸಮಯ ನೋಡಿ ಕಾಕಾ ಮೆತ್ತಗೆ ಕೇಳಿದರು: "ನಿಮ್ಮ ಮನ್ಯಾಗ ಅಡಗಿ ಒಲಿ ಯಾವ ಕಡೆ ಇತ್ತು?"

ಕಾಕಿ ಬೆನ್ನು ತಿರುಗಿಸಿ ಸೆರಗು ಸಿಕ್ಕಿಸಿಕೊಂಡರು. ಆಮೇಲೆ, "ನೀರಾಗ ಐತಿ. ಹೋಗಿ ನೋಡ್ರಿ" ಎಂದು ಒಳಗೆ ಹೋದರು. ಮತ್ತೆ ಬಾಗಿಲಿಗೆ ಬಂದು, ಮೇಜಿನ ಕಡೆ ಕೈ ಮಾಡಿ, "ಅದನ್ನ ನನಗ ತೋರಸಬ್ಯಾಡ್ರಿ. ನಾ ನೋಡಂಗಿಲ್ಲ" ಎಂದರು. ಅಂದಿನಿಂದ ಮೇಜನ್ನು ಹಳೆಯ ಧೋತರವೊಂದು ಮುಚ್ಚಿತು. ಕಾಕಿ ದಿನವೂ ಮೇಜಿನ ಸುತ್ತ ಗುಡಿಸಿದರು, ಧೋತರದ ಅಂಚನ್ನು ಮುಟ್ಟಲಿಲ್ಲ. ಕಾಕಾನೂ ಮತ್ತೆ ಕೇಳಲಿಲ್ಲ.

ಪಂಚಮಿ ಬಂತು. ನಾನು ಹೆಂಡತಿಯನ್ನು ಅವಳ ತವರಿಗೆ ಬಸ್ ಹತ್ತಿಸಿ ಕಾಕಾನ ಮನೆಗೆ ಹೋದೆ. ಕಾಕಿ ಎಂದಿನಂತೆ ಉಂಡಿ ಕಟ್ಟುತ್ತ ಸಿಡಿಮಿಡಿಗುಟ್ಟುತ್ತಿದ್ದರು. ಕಾಕಾ ಹೊಸ ಅಂಗಿ ತೊಟ್ಟು, ಹೆಣ್ಣು ನೋಡಲು ಬಂದ ಹುಡುಗನ ಹಾಗೆ ಬೆವರುತ್ತ ನಿಂತಿದ್ದರು. ಏನೂ ಹೇಳದೆ ಧೋತರ ಸರಿಸಿಬಿಟ್ಟರು.

ಕಾಕಿ ನೋಡುವುದಿಲ್ಲ ಎಂದಿದ್ದರಲ್ಲ, ಆದರೆ ಕಣ್ಣು ಹೋಯಿತು. ಉಂಡಿ ಹಿಡಿದ ಕೈ ಹಾಗೇ ನಿಂತಿತು. ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಕಟ್ಟೆಯ ಮೂಲೆಯಲ್ಲಿ ಸವೆದ ಕಲ್ಲು, ಕೆತ್ತನೆಯ ಬಾಗಿಲು, ಹೊಸ್ತಿಲಿಗೆ ಅರಿಸಿನ. ಎದ್ದು ಹತ್ತಿರ ಬಂದರು. ಕಾಕಾ ಮಾಳಿಗೆಯ ಚಾವಣಿಯನ್ನು ಮುಚ್ಚಳದ ಹಾಗೆ ಎತ್ತಿ ತೆಗೆದರು. ಪಡಸಾಲೆಯಲ್ಲಿ ಕಂಬ, ಕಂಬಕ್ಕೆ ಮೊಳೆ, ಮೊಳೆಗೆ ಮಾವನವರ ರುಮಾಲು, ಗೋಡೆಗೆ ಒರಗಿಸಿದ ಲೋಡುದಿಂಬು ಸಹ ಇತ್ತು! ಆದರೆ ನಡುಬಾಗಿಲಿನಾಚೆ ಏನೂ ಇರಲಿಲ್ಲ. ಬರಿಯ ನೆಲ, ಬರಿಯ ಗೋಡೆ.

"ಒಳಗ ಯಾಕ ಖಾಲಿ ಐತಿ?" ಕಾಕಿಯ ದನಿ ಬೇರೆಯಾಗಿತ್ತು.

ಕಾಕಾ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ನಿಂತರು. "ನಾ ಅಳಿಯ ಅಲ್ಲೇನ? ನನ್ನ ಯಾರು ಒಳಗ ಬಿಟ್ರು?"

ನನಗೆ ನಗು ಬಂತು, ಖರೆ. ನಮ್ಮಲ್ಲಿ ಅಳಿಯನೆಂದರೆ ಅಷ್ಟೇ ಅಲ್ಲವೇ! ಬಂದ ಕೂಡಲೇ ಕಾಲಿಗೆ ನೀರು, ಪಡಸಾಲೆಯಲ್ಲಿ ಜಮಖಾನೆ, ಬೆನ್ನಿಗೆ ಲೋಡು. ಹೋಳಿಗೆ ತುಪ್ಪ ಅವನಿದ್ದಲ್ಲಿಗೇ ಬರುತ್ತದೆ. ಅಡುಗೆಮನೆಗೆ ಇಣುಕಿದರೆ ಅತ್ತೆ ಸೆರಗು ಎಳೆದುಕೊಂಡು ಮರೆಯಾಗುತ್ತಾರೆ. ವರ್ಷಗಟ್ಟಲೆ ಆ ಮನೆಯ ಊಟ ಉಂಡ ಕಾಕಾ ಆ ಮನೆಯ ಒಲೆಯನ್ನು ಕಂಡವರಲ್ಲ.

"ಮನಸಿಗೆ ಬಂದಂಗ ಮಾಡಬಹುದಿತ್ತು," ಎಂದರು ಕಾಕಾ. "ಮಾಡಿದ್ರ ಅದು ನನ್ನ ಆಟಿಗಿ ಆಗತಿತ್ತು, ನಿನ್ನ ತವರಮನಿ ಆಗತಿರಲಿಲ್ಲ."

ಕಾಕಿ ಉಂಡಿಯನ್ನು ತಾಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು. ಬಹಳ ಹೊತ್ತು ಆ ಖಾಲಿ ನೆಲವನ್ನೇ ನೋಡಿದರು. ಆಮೇಲೆ ಒಂದು ಬೆರಳನ್ನು ನಡುಬಾಗಿಲಿನಿಂದ ಒಳಗೆ ಇಳಿಸಿದರು.

"ಇಲ್ಲಿ ಒಲಿ... ಇಲ್ಲಿ ಅವ್ವ ಕುಂದರತಿದ್ಲು. ಇದು ನೀರಿನ ಹರವಿ. ಈ ಮೂಲ್ಯಾಗ ಜ್ವಾಳದ ಚೀಲ, ಅದರ ಮ್ಯಾಲೆ ನಾ ಮಲಗತಿದ್ದೆ." ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬೆರಳು ನಿಲ್ಲಲಿಲ್ಲ. "ಇಲ್ಲಿ ಹಿತ್ತಲ ಬಾಗಲಾ. ಭಾಳ ಗಿಡ್ಡ ಇತ್ತು."

"ಎಷ್ಟು ಗಿಡ್ಡ?" ಕಾಕಾ ಗಡಬಡಿಸಿ ಅಳತೆಪಟ್ಟಿಗೆ ಕೈಹಾಕಿದರು.

"ಅದನ್ನ ಅಲ್ಲಿಡ್ರಿ," ಎಂದರು ಕಾಕಿ. ಗಂಡನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. "ಬರ್ರಿ, ಒಳಗ ಬರ್ರಿ. ತೆಲಿ ಬಡದೀತು, ಬಗ್ಗಿ ಬರ್ರಿ."

ಕಾಕಾ ಖರೇನೇ ತಲೆ ಬಗ್ಗಿಸಿದರು.